ಮುಂದಿನ ಲಾರಿಯಿಂದ ಕಲ್ಲು ಬಿದ್ದು ಗಾಡಿ ಹಾಳಾದರೆ ಹೊಣೆ ಯಾರದು? ಪರಿಹಾರ ಪಡೆಯುವುದು ಹೇಗೆ?

"ಮುಂದೆ ಹೋಗುತ್ತಿದ್ದ ಟಿಪ್ಪರ್‌ನಿಂದ ಜಲ್ಲಿ ಬಿದ್ದು ಕಾರಿನ ಮುಂಗಾಜು ಒಡೆಯಿತು. ಡ್ರೈವರ್ ನಿಲ್ಲಿಸಲೇ ಇಲ್ಲ. ಈಗ ಯಾರನ್ನು ಕೇಳಬೇಕು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಜಲ್ಲಿಯ ಜಾಗದಲ್ಲಿ ಕೆಲವೊಮ್ಮೆ ಎಂ-ಸ್ಯಾಂಡ್ ಇರುತ್ತದೆ, ಕೆಲವೊಮ್ಮೆ ಕಟ್ಟಡ ಒಡೆದ ಅವಶೇಷ. ಮಂಡ್ಯ, ಬೆಳಗಾವಿ ಕಡೆ ಕಬ್ಬಿನ ಜಲ್ಲೆ, ಸಂಡೂರು, ಹೊಸಪೇಟೆ ಕಡೆ ಅದಿರು. ಪ್ರಶ್ನೆ ಮಾತ್ರ ಒಂದೇ.

ಉತ್ತರ ಚಿಕ್ಕದು. ವಾಹನದ ಹೊರೆಯಿಂದ ಬಿದ್ದ ವಸ್ತು ಇನ್ನೊಬ್ಬರಿಗೆ ಹಾನಿ ಮಾಡಿದರೆ ಅದಕ್ಕೆ ಆ ವಾಹನದ ಚಾಲಕ ಮತ್ತು ಮಾಲೀಕ ಹೊಣೆ. ಅವರ ಪರವಾಗಿ ಹಣ ಕೊಡಬೇಕಾದದ್ದು ಅವರ ವಿಮಾ ಕಂಪನಿ. ಮೋಟಾರು ವಾಹನ ಕಾಯ್ದೆ 1988ರ 146ನೇ ಕಲಮಿನ ಪ್ರಕಾರ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ವಾಹನದ ಮಾಲೀಕನೂ ವಿಮಾ ಕಂಪನಿಯೂ ಅಲ್ಲದ, ಹಾನಿಗೊಳಗಾದ ನೀವೇ ಆ ಮೂರನೇ ವ್ಯಕ್ತಿ. ಲಾರಿಯ ಹಿಂದೆ "ಅಂತರ ಕಾಯ್ದುಕೊಳ್ಳಿ" ಎಂದು ಬರೆಸಿದ್ದರಿಂದ ಮಾಲೀಕನ ಹೊಣೆ ಕಳಚುವುದಿಲ್ಲ.

ಕಷ್ಟ ಇರುವುದು ಸಾಬೀತು ಮಾಡುವುದರಲ್ಲಿ. ಇಂಥ ಪ್ರಕರಣಗಳು ಬಹುಪಾಲು ಸೋಲುವುದು ಮೊದಲ ಅರ್ಧ ಗಂಟೆಯಲ್ಲಿ ತೆಗೆದುಕೊಳ್ಳದ ನಾಲ್ಕು ಫೋಟೋಗಳಿಂದ. ಅದಕ್ಕೇ ಆ ಅರ್ಧ ಗಂಟೆಯ ಬಗ್ಗೆ ಕೆಳಗೆ ಹೆಚ್ಚು ವಿವರವಾಗಿ ಬರೆದಿದ್ದೇವೆ.

ಹಂತ 1: ಕಲ್ಲು ಎಲ್ಲಿಂದ ಬಂತು?

ಹೊಣೆ ಯಾರದೆಂಬುದು ಇದರ ಮೇಲೇ ನಿಂತಿದೆ. ನಾಲ್ಕು ಸಾಧ್ಯತೆಗಳಿವೆ.

ಹೊರೆಯಿಂದ ನೇರವಾಗಿ ಬಿದ್ದದ್ದು: ಹೊದಿಕೆ ಇಲ್ಲದ ಟಿಪ್ಪರ್, ಗೋಪುರದಂತೆ ತುಂಬಿದ ಜಲ್ಲಿ, ಸರಿಯಾಗಿ ಮುಚ್ಚದ ಹಿಂದಿನ ಡೋರ್. ಇಲ್ಲಿ ನಿಮ್ಮ ಪರ ವಾದ ಬಲವಾಗಿರುತ್ತದೆ. ಸರಿಯಾಗಿ ತುಂಬಿ ಕಟ್ಟಿದ ಹೊರೆ ತಾನಾಗಿ ಬೀಳುವುದಿಲ್ಲ, ಬಿದ್ದಿದೆ ಎಂದರೆ ಎಲ್ಲೋ ಅಜಾಗರೂಕತೆ ಆಗಿದೆ. ಹೀಗೆ ಘಟನೆಯೇ ಸಾಕ್ಷಿ ಹೇಳುತ್ತದೆ ಎಂಬ ತತ್ವವನ್ನು ನಮ್ಮ ನ್ಯಾಯಾಲಯಗಳು ಒಪ್ಪುತ್ತವೆ.

ಜೋಡಿ ಟೈರ್ ನಡುವಿನಿಂದ ಚಿಮ್ಮಿದ್ದು: ಲಾರಿಯ ಹಿಂದಿನ ಚಕ್ರಗಳು ಜೋಡಿಯಾಗಿರುತ್ತವೆ. ಕ್ವಾರಿಯೊಳಗೆ ಓಡಾಡುವಾಗ ಆ ಸಂದಿಯಲ್ಲಿ ಮುಷ್ಟಿ ಗಾತ್ರದ ಕಲ್ಲು ಸಿಕ್ಕಿಕೊಳ್ಳುತ್ತದೆ. ಹೆದ್ದಾರಿಯ ವೇಗದಲ್ಲಿ ಅದು ಹಿಂದಕ್ಕೆ ಸಿಡಿಯುತ್ತದೆ. ಹೊರಡುವ ಮುನ್ನ ನೋಡಿ ತೆಗೆಯುವುದು ಚಾಲಕನ ಕೆಲಸ, ಹಾಗಾಗಿ ಹೊಣೆ ಅವನದೇ ಎಂದು ವಾದಿಸಬಹುದು. ಸಾಬೀತು ಮಾಡುವುದು ಮಾತ್ರ ಮೊದಲಿನದಕ್ಕಿಂತ ಕಷ್ಟ.

ರಸ್ತೆಯಲ್ಲಿದ್ದ ಕಲ್ಲನ್ನು ಟೈರ್ ಹಾರಿಸಿದ್ದು: ಎಚ್ಚರದಿಂದ ಓಡಿಸುವ ಯಾವ ವಾಹನದಿಂದಲೂ ಹೀಗೆ ಆಗಬಹುದು. ಚಾಲಕನ ತಪ್ಪೆಂದು ತೋರಿಸುವುದು ಬಹಳ ಕಷ್ಟ. ಇಲ್ಲಿ ನಿಮ್ಮ ಸ್ವಂತ ವಿಮೆಯೇ ದಾರಿ.

ಮೊದಲೇ ಚೆಲ್ಲಿ ಬಿದ್ದಿದ್ದರ ಮೇಲೆ ನೀವು ಹೋದದ್ದು: ತಿರುವಿನಲ್ಲಿ ಚೆಲ್ಲಿದ ಜಲ್ಲಿಯ ಮೇಲೆ ಬೈಕ್ ಜಾರುವುದು, ರಾತ್ರಿ ಬಿದ್ದಿದ್ದ ಮರದ ದಿಮ್ಮಿಗೆ ಕಾರು ಬಡಿಯುವುದು. ಹಂತ 7 ನೋಡಿ.

ಮೊದಲನೆಯದನ್ನೂ ಮೂರನೆಯದನ್ನೂ ಬೇರ್ಪಡಿಸುವ ಗುರುತುಗಳು ಗಾಡಿಯ ಮೇಲೇ ಇರುತ್ತವೆ. ಹೊರೆಯಿಂದ ಬಿದ್ದಾಗ ಸಾಮಾನ್ಯವಾಗಿ ಒಂದೇ ಕಲ್ಲು ಬೀಳುವುದಿಲ್ಲ. ಬಾನೆಟ್ ಮೇಲೆ, ಟಾಪ್ ಮೇಲೆ, ಗಾಜಿನ ಮೇಲೆ ಹಲವು ಕಡೆ ಏಟು ಬಿದ್ದಿರುತ್ತದೆ. ಟೈರ್ ಹಾರಿಸಿದ ಕಲ್ಲು ಹೆಚ್ಚಾಗಿ ಒಂದೇ ಕಡೆ ಬಡಿಯುತ್ತದೆ. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿಯ ಸಂದಿಯಲ್ಲಿ ಬೆರಳಾಡಿಸಿ ನೋಡಿ, ಚೂರುಗಳು ಅಲ್ಲಿ ಉಳಿದಿರುತ್ತವೆ. ಕ್ರಷರ್‌ನಿಂದ ಬಂದ ಜಲ್ಲಿಗೆ ಚೂಪಾದ ಅಂಚು, ಹೊಸದಾಗಿ ಒಡೆದ ಬೂದು ಮುಖ, ಮೈಮೇಲೆ ಬಿಳಿ ಪುಡಿ. ರಸ್ತೆಯಲ್ಲಿ ಬಹುಕಾಲ ಬಿದ್ದಿದ್ದ ಕಲ್ಲು ಅಂಚು ಸವೆದು, ಟಾರಿನ ಕಪ್ಪು ಹತ್ತಿಸಿಕೊಂಡಿರುತ್ತದೆ. ಸಿಕ್ಕ ಚೂರುಗಳನ್ನು ಒರೆಸದೆ ಒಂದು ಕವರ್‌ಗೆ ಹಾಕಿ, ದಿನಾಂಕ ಬರೆದು ಇಟ್ಟುಕೊಳ್ಳಿ.

ಹಂತ 2: ಮೊದಲ ಅರ್ಧ ಗಂಟೆ

1. ಗಾಜು ಒಡೆದ ಸದ್ದಿಗೆ ಹಠಾತ್ ಬ್ರೇಕ್ ಒತ್ತಬೇಡಿ. ಕಾರಿನ ಮುಂಗಾಜು ಎರಡು ಪದರ ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು. ಸಣ್ಣ ಕಲ್ಲಿಗೆ ಬಿರುಕು ಬಿಟ್ಟರೂ ಮುಖದ ಮೇಲೆ ಉದುರುವುದಿಲ್ಲ. ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ.

2. ಲಾರಿಯ ನಂಬರನ್ನು ಗಟ್ಟಿಯಾಗಿ ಹೇಳಿಕೊಳ್ಳಿ. ಡ್ಯಾಶ್‌ಕ್ಯಾಮ್‌ನಲ್ಲಿ ಮೈಕ್ ಇದ್ದರೆ ದನಿ ದಾಖಲಾಗುತ್ತದೆ, ಜೊತೆಯಲ್ಲಿದ್ದವರಿಗೂ ನೆನಪಿರುತ್ತದೆ. ಟಿಪ್ಪರ್‌ಗಳ ಹಿಂದಿನ ಪ್ಲೇಟ್ ಬಹಳ ಸಲ ಧೂಳು ಮೆತ್ತಿ ಕಾಣುವುದಿಲ್ಲ. ಸರಕು ವಾಹನಗಳ ಬಾಡಿಯ ಪಕ್ಕದಲ್ಲೂ ನಂಬರ್ ಬರೆದಿರುತ್ತದೆ. ಅದೂ ಕಾಣದಿದ್ದರೆ ಬಾಡಿಯ ಬಣ್ಣ, ಹಿಂದಿನ ಬರಹ, ಟ್ರಾನ್ಸ್‌ಪೋರ್ಟ್ ಅಥವಾ ಕ್ರಷರ್ ಹೆಸರು ಸಾಕು.

3. ಬೆನ್ನಟ್ಟಬೇಡಿ. ಬಿರುಕು ಬಿಟ್ಟ ಗಾಜಿನೊಂದಿಗೆ ಲಾರಿಯನ್ನು ಅಡ್ಡಗಟ್ಟಲು ಹೋಗುವುದು ಜೀವಕ್ಕೆ ಅಪಾಯ. ಅಡ್ಡಗಟ್ಟಿದ ತಪ್ಪು ನಿಮ್ಮ ತಲೆಗೇ ಬರಲೂಬಹುದು. ರಾಷ್ಟ್ರೀಯ ಹೆದ್ದಾರಿಯಾದರೆ 1033, ಬೇರೆ ರಸ್ತೆಯಾದರೆ 112ಕ್ಕೆ ಕರೆ ಮಾಡಿ ನಂಬರ್, ದಿಕ್ಕು, ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ. ಕರೆಯ ಸಮಯವೇ ಮುಂದೆ ಒಂದು ಸಾಕ್ಷಿ.

4. ಫೋಟೋ ತೆಗೆಯಿರಿ. ಗಾಡಿಯ ನಂಬರ್ ಪ್ಲೇಟ್ ಸಮೇತ ಪೂರ್ತಿ ಮುಂಭಾಗ. ಬಿರುಕಿನ ಪಕ್ಕ ನಾಣ್ಯ ಹಿಡಿದು ಹತ್ತಿರದಿಂದ ಒಂದು. ರಸ್ತೆಯ ಮೇಲೆ ಚೆಲ್ಲಿದ ಕಲ್ಲಿನ ಸಾಲು. ಕಿಲೋಮೀಟರ್ ಕಲ್ಲು ಅಥವಾ ಅಂಗಡಿಯ ಬೋರ್ಡ್. ಜನ ಹೆಚ್ಚಾಗಿ ಮರೆಯುವುದು ಕಲ್ಲಿನ ಸಾಲನ್ನು. ವಾಹನವೊಂದು ಚೆಲ್ಲುತ್ತಾ ಹೋಗಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಸಿಗುವುದಿಲ್ಲ, ಮತ್ತು ಮುಂದಿನ ಹತ್ತು ವಾಹನಗಳು ಅದನ್ನು ಅಳಿಸಿಬಿಡುತ್ತವೆ.

5. ಡ್ಯಾಶ್‌ಕ್ಯಾಮ್ ಇದ್ದರೆ ಕೂಡಲೇ ಕಾರ್ಡ್ ಹೊರತೆಗೆಯಿರಿ. ಕಾರ್ಡ್ ತುಂಬಿದಾಗ ಹಳೆಯದರ ಮೇಲೇ ಹೊಸದು ದಾಖಲಾಗುತ್ತದೆ. ಮನೆ ತಲುಪಿದ ಮೇಲೆ ನೋಡೋಣ ಎಂದುಕೊಂಡರೆ ಆ ತುಣುಕೇ ಇರದೆ ಹೋಗಬಹುದು. ಮೂಲ ಕಡತವನ್ನು ಹಾಗೇ ಕಾರ್ಡ್‌ನಲ್ಲಿ ಉಳಿಸಿ, ಪ್ರತಿಯನ್ನು ಕಂಪ್ಯೂಟರ್‌ಗೆ ಹಾಕಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯನ್ನು ನೆಚ್ಚಬೇಡಿ. ಅದು ವಿಡಿಯೋವನ್ನು ಕುಗ್ಗಿಸುತ್ತದೆ, ಸಮಯದ ವಿವರಗಳೂ ಅಳಿಯುತ್ತವೆ. ನ್ಯಾಯಾಲಯಕ್ಕೆ ವಿಡಿಯೋ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಸಂಖ್ಯೆ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಇದ್ದಂತೆ, ಒಂದು ಚೌಕಟ್ಟು ಬದಲಾದರೂ ಅದು ಬದಲಾಗುತ್ತದೆ.

6. ಹಿಂದೆ ಬರುತ್ತಿದ್ದವರು, ರಸ್ತೆ ಬದಿಯ ಅಂಗಡಿಯವರು ನೋಡಿದ್ದರೆ ಹೆಸರು, ಫೋನ್ ನಂಬರ್ ಕೇಳಿ. ನಿಮಗೆ ಗುರುತಿಲ್ಲದವರ ಒಂದು ಮಾತು ನಿಮ್ಮ ಮನೆಯವರ ಹತ್ತು ಮಾತಿಗಿಂತ ತೂಕದ್ದು.

ಯಾರಿಗಾದರೂ ಗಾಯವಾಗಿದ್ದರೆ ಇದೆಲ್ಲ ನಂತರದ ಮಾತು. ಮೊದಲು ಆಸ್ಪತ್ರೆ. ಅಲ್ಲಿ ಇದು ರಸ್ತೆ ಅಪಘಾತ ಎಂದು ಸ್ಪಷ್ಟವಾಗಿ ಹೇಳಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂದು ದಾಖಲಿಸಲು ಕೇಳಿ. ಗಡಿಬಿಡಿಯಲ್ಲಿ "ಬೈಕ್‌ನಿಂದ ಬಿದ್ದೆ" ಎಂದಷ್ಟೇ ಬರೆಸಿದರೆ, ಲಾರಿಯಿಂದ ಬಿದ್ದ ಜಲ್ಲಿಯ ವಿಷಯವನ್ನು ಆಮೇಲೆ ಸೇರಿಸಿದ್ದು ಎಂದು ವಿಮಾ ಕಂಪನಿಯ ವಕೀಲರು ಹೇಳುತ್ತಾರೆ. ಕೇಂದ್ರ ಸರ್ಕಾರದ 2025ರ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಅಪಘಾತದ ದಿನದಿಂದ 7 ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅದನ್ನೂ ಆಸ್ಪತ್ರೆಯಲ್ಲಿ ಕೇಳಿ.

ಹಂತ 3: ವಾಹನ ಯಾರದೆಂದು ಹುಡುಕುವುದು

ಪೂರ್ತಿ ನಂಬರ್ ಸಿಕ್ಕಿದ್ದರೆ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಮಾಲೀಕರ ಹೆಸರಿನ ಕೆಲವು ಅಕ್ಷರ ಮರೆಮಾಡಿರುತ್ತಾರೆ, ಆದರೆ ವಾಹನದ ಬಗೆ, ವಿಮೆಯ ಮತ್ತು ಫಿಟ್‌ನೆಸ್ ಪ್ರಮಾಣಪತ್ರದ ಅವಧಿ ತಿಳಿಯುತ್ತದೆ. ಆ ಪುಟವನ್ನು ಅದೇ ದಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಪೂರ್ಣ ವಿವರ ಕೇಳುವ ಹಕ್ಕು ನಿಮಗಿದೆ. ಕಾಯ್ದೆಯ 160ನೇ ಕಲಮಿನ ಪ್ರಕಾರ, ಪರಿಹಾರ ಕೇಳುವವರು ಅರ್ಜಿ ಕೊಟ್ಟು ನಿಗದಿತ ಶುಲ್ಕ ಕಟ್ಟಿದರೆ ವಾಹನದ ಮತ್ತು ವಿಮೆಯ ವಿವರವನ್ನು ಆರ್‌ಟಿಒ ಅಥವಾ ಠಾಣಾಧಿಕಾರಿ ಒದಗಿಸಬೇಕು.

ನಂಬರ್ ಅರ್ಧ ಮಾತ್ರ ಗೊತ್ತಿದ್ದರೆ ಟೋಲ್ ದಾಟಿದ ದಾಖಲೆ ನೆರವಾಗುತ್ತದೆ. ಜಲ್ಲಿ, ಎಂ-ಸ್ಯಾಂಡ್, ಮರಳಿನ ಲಾರಿಗಳ ವಿಷಯದಲ್ಲಿ ಇನ್ನೊಂದು ದಾರಿ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಕರ್ನಾಟಕದಲ್ಲಿ ಉಪಖನಿಜ ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಖನಿಜ ಸಾಗಣೆ ಪರವಾನಗಿ ಬೇಕು, ಎಂಡಿಪಿ ಎನ್ನುತ್ತಾರೆ. ವಾಹನದ ನಂಬರ್, ತುಂಬಿದ ಪ್ರಮಾಣ, ಎಲ್ಲಿಂದ ಎಲ್ಲಿಗೆ, ಯಾವ ಅವಧಿಯಲ್ಲಿ ಎಂಬುದೆಲ್ಲ ಅದರಲ್ಲಿರುತ್ತದೆ. "ಆ ಹೊತ್ತಿಗೆ ನಮ್ಮ ಗಾಡಿ ಆ ರಸ್ತೆಯಲ್ಲೇ ಇರಲಿಲ್ಲ" ಎಂದು ಮಾಲೀಕ ಹೇಳಿದರೆ ಈ ದಾಖಲೆಯೇ ಉತ್ತರ. ಇದನ್ನು ತರಿಸಿಕೊಳ್ಳುವಂತೆ ದೂರಿನಲ್ಲೇ ಪೊಲೀಸರನ್ನು ಕೋರಿ.

ಟೋಲ್, ಪೆಟ್ರೋಲ್ ಬಂಕ್, ಹೋಟೆಲ್‌ಗಳ ಸಿಸಿಟಿವಿ ದೃಶ್ಯ ಕೆಲವೇ ದಿನ ಉಳಿಯುತ್ತದೆ. ಖಾಸಗಿಯವರು ನಿಮಗೆ ಕೊಡದೇ ಇರಬಹುದು. ದೃಶ್ಯ ಅಳಿಸದೆ ಕಾಯ್ದಿಡಿ ಎಂದು ಒಂದು ಪತ್ರ ಕೊಟ್ಟು ಪ್ರತಿಯ ಮೇಲೆ ಸಹಿ ಪಡೆಯಿರಿ, ಆಮೇಲೆ ಪೊಲೀಸರು ತೆಗೆದುಕೊಳ್ಳಲಿ.

ಹಂತ 4: ಪೊಲೀಸ್ ದೂರು

"ಯಾರಿಗೂ ಪೆಟ್ಟಾಗಿಲ್ಲವಲ್ಲ, ಇನ್ಶೂರೆನ್ಸ್‌ನಲ್ಲಿ ಮಾಡಿಸಿಕೊಳ್ಳಿ" ಎಂಬ ಮಾತು ಠಾಣೆಯಲ್ಲಿ ಕೇಳಿಬರುತ್ತದೆ. ಬರಿಗೈಲಿ ವಾಪಸ್ ಬರಬೇಡಿ. ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಗಾಯಕ್ಕೆ ಮಾತ್ರವಲ್ಲ, ಮೂರನೇ ವ್ಯಕ್ತಿಯ ಆಸ್ತಿಗೆ ಹಾನಿಯಾದಾಗಲೂ ಅನ್ವಯಿಸುತ್ತದೆ. ಚಾಲಕನು ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. ತಿಳಿಸದೆ ಹೋದರೆ 187ನೇ ಕಲಮಿನಡಿ ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ದೂರಿನಲ್ಲಿ ಇಷ್ಟು ಇರಲಿ: ದಿನಾಂಕ, ಸಮಯ, ಸ್ಥಳ, ನೀವು ಹೋಗುತ್ತಿದ್ದ ದಿಕ್ಕು, ನಿಮ್ಮ ವೇಗ, ಲಾರಿಯಿಂದ ಇದ್ದ ಅಂತರ, ಲಾರಿಯ ನಂಬರ್ ಅಥವಾ ಗುರುತು, ಹೊದಿಕೆ ಇತ್ತೇ ಇಲ್ಲವೇ, ಏನು ಬಿತ್ತು, ಏನು ಹಾಳಾಯಿತು. "ಕಲ್ಲು ಬಂದು ಬಡಿಯಿತು" ಎಂದು ಬರೆಯಬೇಡಿ. "ಹೊದಿಕೆ ಇಲ್ಲದ ಟಿಪ್ಪರ್‌ನ ಹಿಂದಿನ ಡೋರ್‌ನ ಎಡ ಮೂಲೆಯಿಂದ ಜಲ್ಲಿ ಬಿದ್ದು ಬಡಿಯಿತು" ಎಂದು, ಕಂಡಿದ್ದರೆ, ಕಂಡಷ್ಟನ್ನೇ ಬರೆಯಿರಿ. ಕಾಣದ್ದನ್ನು ಸೇರಿಸಿದರೆ ಮುಂದೆ ಪಾಟಿ ಸವಾಲಿನಲ್ಲಿ ಇಡೀ ದೂರೇ ಅನುಮಾನಕ್ಕೆ ಬೀಳುತ್ತದೆ.

ಅನ್ವಯವಾಗಬಲ್ಲ ಕಲಮುಗಳು: ಭಾರತೀಯ ನ್ಯಾಯ ಸಂಹಿತೆಯ 281 (ಜೀವಕ್ಕೆ ಅಪಾಯವಾಗುವಂತೆ ವಾಹನ ಚಾಲನೆ), ಗಾಯವಾಗಿದ್ದರೆ 125, ಸಾವಾದರೆ 106, ಸಾರ್ವಜನಿಕ ದಾರಿಯಲ್ಲಿ ಅಡೆತಡೆ ಅಥವಾ ಅಪಾಯ ಉಂಟುಮಾಡಿದ್ದಕ್ಕೆ 285. ಮೋಟಾರು ವಾಹನ ಕಾಯ್ದೆಯ 194ರಡಿ ಮಿತಿಮೀರಿದ ತೂಕಕ್ಕೆ 20,000 ರೂಪಾಯಿ ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಹೊರೆ ಬಾಡಿಯಿಂದ ಪಕ್ಕಕ್ಕೆ, ಹಿಂದಕ್ಕೆ, ಮುಂದಕ್ಕೆ ಚಾಚಿದ್ದರೆ ಅಥವಾ ಮಿತಿಗಿಂತ ಎತ್ತರವಿದ್ದರೆ 20,000 ರೂಪಾಯಿ. ಚಾಚಿಕೊಂಡ ಕಬ್ಬಿಣದ ಸರಳು, ಅಗಲಕ್ಕೆ ಹರಡಿದ ಕಬ್ಬು ಇದಕ್ಕೆ ಸೇರುತ್ತವೆ. ಈ ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ, ನಿಮಗೆ ಬರುವುದಿಲ್ಲ. ಆದರೆ ದಂಡ ಬಿದ್ದ ದಾಖಲೆ ಚಾಲಕನ ಅಜಾಗರೂಕತೆಗೆ ಪುರಾವೆಯಾಗುತ್ತದೆ.

ಎಫ್‌ಐಆರ್ ಆದರೆ ಅದರ ಪ್ರತಿ ಉಚಿತವಾಗಿ ಸಿಗಬೇಕು. ಎಫ್‌ಐಆರ್ ಮಾಡದಿದ್ದರೆ ದೂರಿನ ಸ್ವೀಕೃತಿ ಅಥವಾ ಕಾರಣ ಬರೆದ ಹಿಂಬರಹ ಕೇಳಿ. ಅದೂ ಸಿಗದಿದ್ದರೆ ನೋಂದಾಯಿತ ಅಂಚೆಯಲ್ಲಿ ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಕಳಿಸಿ. ಘಟನೆ ನಡೆದದ್ದು ಬೇರೆ ಠಾಣೆಯ ಸರಹದ್ದಾದರೂ ಶೂನ್ಯ ಎಫ್‌ಐಆರ್ ಆಗಿ ದಾಖಲಿಸಿ ವರ್ಗಾಯಿಸಬಹುದು.

ಪ್ರಕರಣ ದಾಖಲಾದ ಮೇಲೆ ಎರಡು ಕಾಗದಗಳ ಮೇಲೆ ಕಣ್ಣಿಡಿ: ಸ್ಥಳ ಮಹಜರು, ಮತ್ತು ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ (ಐಎಂವಿ ವರದಿ). ಮಹಜರಿನಲ್ಲಿ ಚೆಲ್ಲಿದ ಕಲ್ಲಿನ ಪ್ರಸ್ತಾಪವಿರಲಿ. ಐಎಂವಿ ವರದಿಯಲ್ಲಿ ಟಿಪ್ಪರ್‌ನ ಹಿಂದಿನ ಡೋರ್‌ನ ಕೊಂಡಿ ಸವೆದಿದೆಯೇ ಎಂಬುದು ಬಂದರೆ ನಿಮ್ಮ ಅರ್ಧ ಕೆಲಸ ಆದಂತೆ.

ಹಂತ 5: ಸ್ವಂತ ವಿಮೆಯೋ, ಲಾರಿ ಮಾಲೀಕನೋ? ಲೆಕ್ಕ ಹಾಕಿ

ನಿಮ್ಮದು ಸಮಗ್ರ ವಿಮೆಯಾದರೆ, ಅಂದರೆ ನಿಮ್ಮ ಗಾಡಿಯ ಹಾನಿಗೂ ರಕ್ಷಣೆ ಇದ್ದರೆ, ತಪ್ಪು ಯಾರದಿದ್ದರೂ ದುರಸ್ತಿ ಸಿಗುತ್ತದೆ. ಬರಿ ಥರ್ಡ್ ಪಾರ್ಟಿ ಪಾಲಿಸಿಯಾದರೆ ಈ ದಾರಿ ಇಲ್ಲ.

ಪ್ರತಿ ಕ್ಲೇಮಿನಲ್ಲೂ ನೀವು ಕೈಯಿಂದ ಹಾಕಬೇಕಾದ ಕಡ್ಡಾಯ ಕಡಿತ ಸಾಮಾನ್ಯ ಪಾಲಿಸಿಯಲ್ಲಿ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಗಾಜಿಗೆ ಸವಕಳಿ ಕಡಿತ, ಅಂದರೆ ಭಾಗ ಹಳೆಯದಾಗಿದೆ ಎಂದು ಮಾಡುವ ಕಡಿತ ಇಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ 50%. ಬಂಪರ್ ಒಡೆದಿದ್ದರೆ ಅರ್ಧ ನಿಮ್ಮದು. ಸವಕಳಿ ಮನ್ನಾ ಸೇರ್ಪಡೆ ಕೊಂಡಿದ್ದರೆ ಬೇರೆ ಮಾತು.

ನಿಜವಾದ ನಷ್ಟ ಇರುವುದು ನೋ ಕ್ಲೇಮ್ ಬೋನಸ್‌ನಲ್ಲಿ, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿಯಲ್ಲಿ. ಉದಾಹರಣೆಗೆ, ನಿಮ್ಮ ಸ್ವಂತ ಹಾನಿಯ ಪ್ರೀಮಿಯಂ ರಿಯಾಯಿತಿಗೆ ಮೊದಲು 12,000 ರೂಪಾಯಿ, ನಿಮಗೆ 50% ಬೋನಸ್ ಇದೆ, ವರ್ಷಕ್ಕೆ 6,000 ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ಒಂದು ಕ್ಲೇಮಿಗೆ ಬೋನಸ್ ಸೊನ್ನೆಯಾಗುತ್ತದೆ. ಆಮೇಲೆ 20, 25, 35, 45 ಎಂದು ಏರಿ ಮತ್ತೆ 50ಕ್ಕೆ ಬರುವವರೆಗೆ ವರ್ಷವರ್ಷ ಹೆಚ್ಚಾಗಿ ಕಟ್ಟುವುದು 6,000 + 3,600 + 3,000 + 1,800 + 600, ಒಟ್ಟು 15,000 ರೂಪಾಯಿ. ಗಾಜಿನ ಬಿಲ್ 14,000 ಆಗಿದ್ದರೆ ಕ್ಲೇಮಿನಿಂದ ಬರುವುದು 13,000. ಆಗ ಕ್ಲೇಮ್ ಮಾಡಿದ್ದೇ ನಷ್ಟ. ಗಾಜಿನ ಕ್ಲೇಮಿಗೆ ಬೋನಸ್ ಹೋಗದು ಎನ್ನುವ ಪಾಲಿಸಿಗಳೂ, ಬೋನಸ್ ರಕ್ಷಣೆಯ ಸೇರ್ಪಡೆಯೂ ಇವೆ. ಕರೆ ಮಾಡುವ ಮೊದಲು ನಿಮ್ಮ ಪಾಲಿಸಿ ತೆರೆದು ನೋಡಿ.

ಗಾಜು ಬದಲಿಸುವ ಮುನ್ನ ಇನ್ನೊಂದು ಪರೀಕ್ಷೆ. ಒಳಗಿನಿಂದ ಬಿರುಕಿನ ಮೇಲೆ ಉಗುರು ಆಡಿಸಿ. ನುಣುಪಾಗಿದ್ದರೆ ಒಳಪದರ ಗಟ್ಟಿಯಾಗಿದೆ. ಗುರುತು ನಾಣ್ಯಕ್ಕಿಂತ ಚಿಕ್ಕದಿದ್ದು, ಗಾಜಿನ ಅಂಚಿನಿಂದ ದೂರವಿದ್ದು, ಚಾಲಕನ ಕಣ್ಣಿನ ನೇರಕ್ಕೆ ಇಲ್ಲದಿದ್ದರೆ ರಾಳ ತುಂಬಿ ಸರಿಮಾಡಬಹುದು. ಅಲ್ಲಿಯವರೆಗೆ ಫೋಟೋ ತೆಗೆದು ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಧೂಳು, ನೀರು ಒಳಗೆ ಹೋದರೆ ರಾಳ ಹಿಡಿಯುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನ ಗಾಜಿಗೆ ಎಸಿ ಪೂರ್ತಿ ಬಿಡಬೇಡಿ, ತಣ್ಣೀರೂ ಸುರಿಯಬೇಡಿ. ಬೆಳಗ್ಗೆ ಬೊಟ್ಟಿನಷ್ಟಿದ್ದ ಬಿರುಕು ಸಂಜೆಗೆ ಗಾಜಿನ ಉದ್ದಕ್ಕೂ ಓಡಿರುತ್ತದೆ. ಗಾಜಿನ ಹಿಂದೆ ಚಾಲಕ ನೆರವಿನ ಕ್ಯಾಮೆರಾ ಇರುವ ಕಾರಾದರೆ ಅದನ್ನು ಮತ್ತೆ ಹೊಂದಿಸುವ ಖರ್ಚೂ ಅಂದಾಜು ಪಟ್ಟಿಯಲ್ಲಿರಲಿ. ಕ್ಲೇಮ್ ಮಾಡುವುದಾದರೆ ಹಾನಿ ಅಂದಾಜು ಮಾಡುವ ವಿಮಾ ಸರ್ವೇಯರ್ ನೋಡುವವರೆಗೆ ಹಳೆಯ ಗಾಜು ತೆಗೆಸಬೇಡಿ.

ಸ್ವಂತ ವಿಮೆಯಿಂದ ಪಡೆದ ಮೊತ್ತವನ್ನು ಲಾರಿ ಮಾಲೀಕನಿಂದ ಮತ್ತೊಮ್ಮೆ ಪಡೆಯುವಂತಿಲ್ಲ. ಆ ಮೊತ್ತದ ಮಟ್ಟಿಗೆ ನಿಮ್ಮ ಹಕ್ಕು ವಿಮಾ ಕಂಪನಿಗೆ ವರ್ಗವಾಗುತ್ತದೆ. ಕಡ್ಡಾಯ ಕಡಿತ, ಸವಕಳಿಯಂಥ ಉಳಿಕೆ ನಷ್ಟ ಕೇಳಬಹುದು. ಹಾಗೆ ಕೇಳುವ ಉದ್ದೇಶವಿದ್ದರೆ "ಪೂರ್ಣ ಮತ್ತು ಅಂತಿಮ" ಎಂಬ ರಸೀದಿಗೆ ಸಹಿ ಹಾಕುವ ಮುನ್ನ, ಉಳಿಕೆ ನಷ್ಟದ ಹಕ್ಕು ಕಾಯ್ದಿರಿಸಿದೆ ಎಂದು ಬರೆದು ಸಹಿ ಮಾಡಿ.

ಲಾರಿ ಮಾಲೀಕ ಅಲ್ಲೇ ಹಣ ಕೊಡಲು ಒಪ್ಪಿದರೆ? ಗಾಜಿನಂಥ ಸಣ್ಣ ಹಾನಿಗೆ ಅದು ಒಳ್ಳೆಯದೇ. ಯಾವ ಹಾನಿಗೆ, ಎಷ್ಟು, ಯಾವಾಗ ಎಂದು ಬರೆದು ಇಬ್ಬರೂ ಸಹಿ ಹಾಕಿ, ಹಣ ಯುಪಿಐನಲ್ಲೇ ಪಡೆಯಿರಿ. ಮೈಗೆ ಪೆಟ್ಟಾಗಿದ್ದರೆ ಮಾತ್ರ ಸ್ಥಳದಲ್ಲಿ ಯಾವ ರಾಜಿಗೂ ಒಪ್ಪಬೇಡಿ. ಒಳಗಿನ ಪೆಟ್ಟು ಆ ಹೊತ್ತಿಗೆ ತಿಳಿಯುವುದಿಲ್ಲ.

ಹಂತ 6: ನ್ಯಾಯಮಂಡಳಿ

ಲಾರಿಯ ವಿಮಾ ಕಂಪನಿಗೆ ಪತ್ರ ಬರೆದರೆ ಸಾಕು, ಹಣ ಬರುತ್ತದೆ ಎಂದುಕೊಂಡವರು ಬಹಳ. ಸಾಮಾನ್ಯವಾಗಿ ಬರುವುದಿಲ್ಲ. ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ 166ನೇ ಕಲಮಿನಡಿ ಅರ್ಜಿ ಹಾಕಬೇಕು. ಚಾಲಕ, ಮಾಲೀಕ, ವಿಮಾ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಮಾಡಬೇಕು. ಅಪಘಾತ ನಡೆದಲ್ಲಿ, ನೀವು ವಾಸವಿರುವಲ್ಲಿ ಅಥವಾ ಎದುರುದಾರ ವಾಸವಿರುವಲ್ಲಿ, ಎಲ್ಲಿ ಬೇಕಾದರೂ ಹಾಕಬಹುದು. ಚಿತ್ರದುರ್ಗದ ಬಳಿ ಘಟನೆಯಾಗಿದ್ದರೂ ಬೆಂಗಳೂರಿನವರು ಬೆಂಗಳೂರಿನಲ್ಲೇ ಹಾಕಬಹುದು. ಅಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಈ ಮಂಡಳಿ. ಗಾಯವಿಲ್ಲದೆ ಆಸ್ತಿ ಹಾನಿ ಮಾತ್ರ ಆಗಿದ್ದರೂ ಅರ್ಜಿ ಸಲ್ಲುತ್ತದೆ. ಹಾನಿ 2,000 ರೂಪಾಯಿ ಮೀರಿದ್ದರೆ ಸಿವಿಲ್ ನ್ಯಾಯಾಲಯಕ್ಕೂ ಹೋಗಬಹುದು, ಆಯ್ಕೆ ನಿಮ್ಮದು.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಅಪಘಾತದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಅದನ್ನು ನೆಚ್ಚಿಕೊಂಡು ತಡಮಾಡಬೇಡಿ.

"ಕಲ್ಲು ಬಿದ್ದದ್ದು ವಾಹನದ ಅಪಘಾತವೇ ಅಲ್ಲ, ನಮ್ಮ ಗಾಡಿ ನಿಮ್ಮದನ್ನು ಮುಟ್ಟಿಲ್ಲ" ಎಂಬ ಆಕ್ಷೇಪ ಖಂಡಿತ ಬರುತ್ತದೆ. ಕಾಯ್ದೆಯ ಮಾತು "ವಾಹನದ ಬಳಕೆಯಿಂದ ಉಂಟಾದ ಅಪಘಾತ" ಎಂದು. ಡಿಕ್ಕಿ ಎಂದು ಅಲ್ಲಿಲ್ಲ. 1987ರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಮಹಾರಾಷ್ಟ್ರದ ಭಾಗದಲ್ಲಿ, ಪೆಟ್ರೋಲ್ ಟ್ಯಾಂಕರ್ ಒಂದು ಟ್ರಕ್‌ಗೆ ಡಿಕ್ಕಿಯಾಗಿ ಉರುಳಿತ್ತು. ಸುಮಾರು ನಾಲ್ಕು ಗಂಟೆಯ ನಂತರ, ನಿಂತಲ್ಲೇ, ಸೋರಿದ ಪೆಟ್ರೋಲ್ ಹೊತ್ತಿ ಜನ ಸತ್ತರು. ಆ ಸಾವುಗಳೂ ವಾಹನದ ಬಳಕೆಯಿಂದಲೇ ಆದವು ಎಂದು ಶಿವಾಜಿ ದಯಾನು ಪಾಟೀಲ್ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಓಡುವ ಟಿಪ್ಪರ್‌ನಿಂದ ಬಿದ್ದ ಕಲ್ಲು ಅದಕ್ಕಿಂತಲೂ ನೇರವಾದ ಬಳಕೆ. ನಿಮ್ಮ ವಕೀಲರಿಗೆ ಈ ತೀರ್ಪನ್ನು ನೆನಪಿಸಿ.

ಎರಡನೆಯ ಆಕ್ಷೇಪ, ನೀವು ತೀರಾ ಹತ್ತಿರ ಹೋಗುತ್ತಿದ್ದಿರಿ ಎಂಬುದು. ಇದರಲ್ಲಿ ಹುರುಳಿದ್ದರೆ ಪರಿಹಾರ ಕಡಿತವಾಗುತ್ತದೆ. 40,000 ರೂಪಾಯಿ ಹಾನಿಯಲ್ಲಿ ನಿಮ್ಮ ಪಾಲು 25% ಎಂದು ತೀರ್ಮಾನವಾದರೆ ಸಿಗುವುದು 30,000. 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡಿನ ಅಂತರ ಎಂದರೆ 50 ಮೀಟರ್. ಹೊರೆ ತುಂಬಿದ ಟಿಪ್ಪರ್ ಹಿಂದೆ ಅದಕ್ಕಿಂತ ಹತ್ತಿರ ಹೋಗಬೇಡಿ.

ಮೂರನೆಯದು, ಚಾಲಕನ ಲೈಸೆನ್ಸ್ ಸರಿಯಿಲ್ಲ, ಹಾಗಾಗಿ ಕಂಪನಿ ಕೊಡುವುದಿಲ್ಲ ಎಂಬುದು. ಇಂಥ ಸಂದರ್ಭದಲ್ಲಿ ಕಂಪನಿ ಮೊದಲು ನಿಮಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂದು ಆದೇಶಿಸುವ ಅಧಿಕಾರ ಮಂಡಳಿಗಿದೆ. 2004ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪು ಇದಕ್ಕೆ ಆಧಾರ.

ಆಸ್ತಿ ಹಾನಿಗೆ ವಿಮೆಯ ಮಿತಿ ನೋಡಿ. ವಾಣಿಜ್ಯ ವಾಹನಗಳಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ. ಪ್ರೀಮಿಯಂ ಉಳಿಸಲು ಮಾಲೀಕ ಅದನ್ನು 6,000ಕ್ಕೆ ಇಳಿಸಿಕೊಂಡಿದ್ದರೆ ಉಳಿದದ್ದು ಅವನ ಕೈಯಿಂದಲೇ ಬರಬೇಕು. ಕಬ್ಬಿನ ಟ್ರ್ಯಾಕ್ಟರ್‌ಗಳಲ್ಲಿ ಇನ್ನೊಂದು ತೊಡಕು. ಕಾನೂನಿನಲ್ಲಿ ಟ್ರೇಲರ್ ಕೂಡ ಪ್ರತ್ಯೇಕ ಮೋಟಾರು ವಾಹನ. ಟ್ರ್ಯಾಕ್ಟರ್‌ಗೆ ವಿಮೆ ಇದ್ದು ಟ್ರೇಲರ್‌ಗೆ ಇಲ್ಲದಿದ್ದರೆ ಕಂಪನಿ ತಕರಾರು ತೆಗೆಯುತ್ತದೆ. ಫೋಟೋದಲ್ಲಿ ಟ್ರೇಲರ್ ನಂಬರೂ ಇರಲಿ.

ತೀವ್ರ ಗಾಯವಾಗಿದ್ದರೆ 164ನೇ ಕಲಮು ನೆನಪಿಡಿ. ಯಾರ ತಪ್ಪೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. 166ರಡಿ ಹೆಚ್ಚು ಸಿಗಬಹುದು, ಆದರೆ ತಪ್ಪು ತೋರಿಸಬೇಕು. ಯಾವುದನ್ನು ಹಿಡಿಯಬೇಕೆಂದು ವಕೀಲರೊಂದಿಗೆ ಮೊದಲೇ ತೀರ್ಮಾನಿಸಿ. ವಕೀಲರ ಖರ್ಚು ಹೊರಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಬೇಗ ಮುಗಿಯುತ್ತದೆ, ಆದರೆ ಆ ತೀರ್ಮಾನದ ಮೇಲೆ ಅಪೀಲು ಇಲ್ಲ. ಮೊತ್ತ ಒಪ್ಪುವ ಮುನ್ನ ಯೋಚಿಸಿ.

ಬರಿ ಗಾಜಿಗಾಗಿ ಮಂಡಳಿಗೆ ಹೋಗಬೇಕೇ? ನಮ್ಮ ಅಭಿಪ್ರಾಯದಲ್ಲಿ ಇಪ್ಪತ್ತು ಸಾವಿರದೊಳಗಿನ ಹಾನಿಗೆ ಅಲೆದಾಟವೇ ಹೆಚ್ಚಾಗುತ್ತದೆ. ಪೊಲೀಸ್ ದೂರು ಮಾತ್ರ ತಪ್ಪದೆ ಕೊಡಿ. ಇಂದು ಗಾಜಿಗೆ ಬಿದ್ದ ಕಲ್ಲು ನಾಳೆ ಬೈಕ್ ಸವಾರರ ಮುಖಕ್ಕೆ ಬೀಳುತ್ತದೆ.

ಹಂತ 7: ವಾಹನ ಸಿಗದಿದ್ದರೆ, ರಸ್ತೆಯಲ್ಲಿ ಬಿದ್ದಿದ್ದರಿಂದ ಆದರೆ

ಗುರುತು ಸಿಗದ ವಾಹನದಿಂದ ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50,000 ರೂಪಾಯಿ ಸಿಗುವ ಹಿಟ್ ಅಂಡ್ ರನ್ ಪರಿಹಾರ ಯೋಜನೆ 2022ರ ಏಪ್ರಿಲ್‌ನಿಂದ ಇದೆ. ಅರ್ಜಿಯನ್ನು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ ಕೊಡಬೇಕು. ಎಫ್‌ಐಆರ್, ಆಸ್ಪತ್ರೆಯ ದಾಖಲೆ ಬೇಕಾಗುತ್ತವೆ. ಗಾಡಿಯ ಹಾನಿಗೆ ಇದರಲ್ಲಿ ಒಂದು ರೂಪಾಯಿಯೂ ಇಲ್ಲ, ಅದಕ್ಕೆ ಸ್ವಂತ ವಿಮೆಯೊಂದೇ ದಾರಿ.

ರಸ್ತೆಯಲ್ಲಿ ಬಹಳ ಹೊತ್ತಿನಿಂದ ಬಿದ್ದಿದ್ದ ವಸ್ತುವಿನಿಂದ ಹಾನಿಯಾದರೆ ರಸ್ತೆ ನಿರ್ವಹಿಸುವವರನ್ನೂ ಕೇಳಬಹುದು. ಟೋಲ್ ವಸೂಲಿ ಮಾಡುವ ಹೆದ್ದಾರಿಯಲ್ಲಿ ಗಸ್ತು ತಿರುಗಿ ಅಡೆತಡೆ ತೆಗೆಯುವುದು ಅವರ ಕೆಲಸ. ಆದರೆ ಐದು ನಿಮಿಷದ ಹಿಂದೆ ಬಿದ್ದದ್ದಕ್ಕೆ ಅವರನ್ನು ಹೊಣೆ ಮಾಡಲಾಗದು. ಎಷ್ಟು ಹೊತ್ತಿನಿಂದ ಬಿದ್ದಿತ್ತು, ಮೊದಲೇ ಯಾರಾದರೂ 1033ಕ್ಕೆ ತಿಳಿಸಿದ್ದರೇ ಎಂಬುದು ಮುಖ್ಯ. ಟೋಲ್ ರಸೀದಿ ಅಥವಾ ಫಾಸ್ಟ್‌ಟ್ಯಾಗ್ ಸಂದೇಶ ಇಟ್ಟುಕೊಳ್ಳಿ, ಗಸ್ತು ಮತ್ತು ಕರೆಗಳ ದಾಖಲೆಯನ್ನು ಮಾಹಿತಿ ಹಕ್ಕಿನಡಿ ಹೆದ್ದಾರಿ ಪ್ರಾಧಿಕಾರದಿಂದ ಕೇಳಿ.

ಹೊರೆ ನಿಮ್ಮದೇ ಆದರೆ

ಲಾರಿ, ಟಿಪ್ಪರ್, ಟ್ರ್ಯಾಕ್ಟರ್ ಇಟ್ಟುಕೊಂಡವರೂ ಇದೇ ಪ್ರಶ್ನೆ ಕೇಳುತ್ತಾರೆ. ಹೊರಡುವ ಮುನ್ನ ಐದು ನಿಮಿಷದ ಕೆಲಸ ಇದು.

ಹೊರೆ ಬಾಡಿಯ ಅಂಚಿಗಿಂತ ಒಂದು ಗೇಣು ಕೆಳಗಿರಲಿ, ನಡುವೆ ಗುಡ್ಡೆ ಮಾಡಬೇಡಿ. ಟಾರ್ಪಾಲು ನಾಲ್ಕೂ ಕಡೆ ಅಂಚಿನಿಂದ ಕೆಳಗೆ ಇಳಿದು ಹಗ್ಗ ಬಿಗಿದಿರಲಿ. ಮೇಲೆ ಸುಮ್ಮನೆ ಹಾಸಿದ್ದು ಗಾಳಿಗೆ ಎದ್ದು ಅದೇ ಕಲ್ಲನ್ನು ಹಾರಿಸುತ್ತದೆ. ಕಟ್ಟಡ ಸಾಮಗ್ರಿ ಮತ್ತು ಅವಶೇಷ ಸಾಗಿಸುವ ವಾಹನಕ್ಕೆ ಹೊದಿಕೆ ಇರಬೇಕೆಂದು ಪರಿಸರ ಸಂರಕ್ಷಣಾ ನಿಯಮಗಳಿಗೆ 2018ರಲ್ಲಿ ಮಾಡಿದ ತಿದ್ದುಪಡಿಯೂ ಹೇಳುತ್ತದೆ.

ಹಿಂದಿನ ಡೋರ್ ಮುಚ್ಚಿ ಕೆಳ ಅಂಚನ್ನು ನೋಡಿ. ಒಂದೇ ಒಂದು ಜಲ್ಲಿ ಅಲ್ಲಿ ಸಿಕ್ಕಿಕೊಂಡಿದ್ದರೆ ಡೋರ್ ಪೂರ್ತಿ ಕೂರುವುದಿಲ್ಲ. ಆ ಸಂದಿಯಿಂದ ಪ್ರತಿ ಹಂಪ್‌ಗೂ ಒಂದೆರಡು ಕಲ್ಲು ಜಾರುತ್ತಾ ಹೋಗುತ್ತವೆ. ಕೊಂಡಿ ಸವೆದು ಆಡುತ್ತಿದ್ದರೆ ತಂತಿ ಸುತ್ತಿ ಸುಧಾರಿಸಬೇಡಿ, ಬದಲಿಸಿ. ಬಾಡಿಯ ಅಂಚಿನ ಪಟ್ಟಿ, ಕ್ಯಾಬಿನ್ ಮೇಲಿನ ಕಟ್ಟೆ, ಹಿಂದಿನ ಬಂಪರ್ ಮೇಲೆ ಲೋಡ್ ಮಾಡುವಾಗ ಉಳಿದ ಕಲ್ಲನ್ನು ಪೊರಕೆಯಿಂದ ಗುಡಿಸಿ. ಖಾಲಿ ಗಾಡಿಯಿಂದಲೂ ಕಲ್ಲು ಬೀಳುವುದು ಇವುಗಳಿಂದಲೇ. ಕೊನೆಗೆ ಜೋಡಿ ಟೈರ್‌ಗಳ ನಡುವೆ ಟಾರ್ಚ್ ಬಿಟ್ಟು ನೋಡಿ, ಸಿಕ್ಕಿಕೊಂಡ ಕಲ್ಲನ್ನು ಸಲಾಕೆಯಿಂದ ತೆಗೆಯಿರಿ.

ದಾರಿಯಲ್ಲಿ ಏನಾದರೂ ಬಿದ್ದರೆ ಹಜಾರ್ಡ್ ಲೈಟ್ ಹಾಕಿ ಎಡಕ್ಕೆ ನಿಲ್ಲಿಸಿ, ಬಿದ್ದ ಜಾಗಕ್ಕಿಂತ ಸಾಕಷ್ಟು ಹಿಂದೆ ಎಚ್ಚರಿಕೆಯ ತ್ರಿಕೋನ ಇಡಿ, ಕ್ಲೀನರ್ ಕೈಯಲ್ಲಿ ಕೆಂಪು ಬಟ್ಟೆ ಅಥವಾ ಟಾರ್ಚ್ ಕೊಡಿ. ಓಡುವ ವಾಹನಗಳ ನಡುವೆ ಹೆಕ್ಕಲು ಇಳಿಯಬೇಡಿ, 1033 ಅಥವಾ 112ಕ್ಕೆ ತಿಳಿಸಿ. ಯಾರದಾದರೂ ಗಾಡಿಗೆ ಹಾನಿಯಾಗಿದ್ದರೆ ನಂಬರ್, ವಿಮೆಯ ವಿವರ ಕೊಟ್ಟು, 24 ಗಂಟೆಯೊಳಗೆ ಠಾಣೆಗೂ, ತಡಮಾಡದೆ ನಿಮ್ಮ ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಿ. ತಿಳಿಸದೆ ಮುಚ್ಚಿಟ್ಟು ಆರು ತಿಂಗಳ ಮೇಲೆ ಮಂಡಳಿಯ ನೋಟಿಸ್ ಬಂದರೆ, ಪಾಲಿಸಿಯ ಷರತ್ತು ಮುರಿದಿದ್ದೀರಿ ಎಂದು ಕಂಪನಿ ನಿಮ್ಮ ಮೇಲೇ ತಿರುಗಬಹುದು.